ಕೋವಿ ಮನೆಗೆ ಬಂತೇ? ಮೊದಲು ನಳಿಗೆ ನೋಡಿ

ಚುನಾವಣೆ ಬಂತೆಂದರೆ ನಮ್ಮ ಬೆಳೆರಕ್ಷಣೆಯ ಕೋವಿಗಳಿಗೆ ಠಾಣೆವಾಸ. 2024ರ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ಫಲಿತಾಂಶ ಜೂನ್ 4ಕ್ಕೆ. ನನ್ನ ಒಂಟಿನಳಿಗೆಯ ತೋಟೆ ಕೋವಿ ಕೈಗೆ ಸಿಗುವಾಗ ಮಳೆಗಾಲ ಸುರುವಾಗಿತ್ತು. ಹೊರಮೈಯೆಲ್ಲ ತುಕ್ಕು. ಅದು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಮಡಚಿ ಬೆಳಕಿಗೆ ಹಿಡಿದರೆ ಬೆಳಕೇ ಕಾಣಲಿಲ್ಲ! ಬಾಯಿಯಿಂದ ಗೇಣುದ್ದ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು.

‘ಅಷ್ಟು ಮಣ್ಣು ಚರೆಯೊಟ್ಟಿಗೇ ಹಾರಿ ಹೋಗ್ತದೆ ಮಾರಾಯ್ರೇ’ ಎನ್ನುವವರಿದ್ದಾರೆ. ಅದು ದೊಡ್ಡ ತಪ್ಪು. ಹನ್ನೆರಡು ಬೋರಿನ ನಳಿಗೆಯ ಒಳಗಲ ಸುಮಾರು 18.5 ಮಿ.ಮೀ. ಚರೆ ಭಾರೀ ವೇಗದಲ್ಲಿ ಬಂದು ತಡೆಗೆ ಬಡಿದಾಗ ಹಿಂದಿನ ಅನಿಲದ ಒತ್ತಡ ಆ ಒಂದೇ ಜಾಗದಲ್ಲಿ ಏರುತ್ತದೆ. ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ನಮ್ಮ ಎಡಗೈ ಇರುವುದೂ ಅದೇ ನಳಿಗೆಯ ಕೆಳಗೆ. ಗೂಡನ್ನು ಹೊಡೆದು ತೆಗೆಯುವ ಯೋಚನೆಯೇ ಬೇಡ. ಒದ್ದೆ ಮಾಡಿ, ಮರದ ಕೋಲಿನಿಂದ ಮೆಲ್ಲಗೆ ದೂಡಿ ತೆಗೆಯಿರಿ.

ಗೂಡು ಕಟ್ಟದಿರಲಿ ಎಂದು ಕೆಲವರು ಠಾಣೆಗೆ ಕೊಡುವಾಗ ಬಾಯಿಗೆ ಬಟ್ಟೆ ತುರುಕುತ್ತಾರೆ. ನನಗದು ಸರಿ ಕಾಣುವುದಿಲ್ಲ. ಬಟ್ಟೆ ತೇವ ಹೀರಿ ಒಳಗೆ ತುಕ್ಕು ಹಿಡಿಸುತ್ತದೆ. ಆಮೇಲೆ ರಾತ್ರಿ ಹಂದಿ ಬಂತೆಂದು ಗಡಿಬಿಡಿಯಲ್ಲಿ ಹೊರಟವನಿಗೆ ಅದರ ನೆನಪಿರಬೇಕಲ್ಲ? ಹೊರಗಿನಿಂದ ತೆಳು ಬಟ್ಟೆ ಕಟ್ಟಿ, ಕೆಂಪು ದಾರ ಇಳಿಬಿಡುವುದು ವಾಸಿ.

ಶುಚಿಯಾದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಕನ್ನಡಿಯಂತೆ ಹೊಳೆಯುವ ನಡುವೆ ಒಂದು ಕಪ್ಪು ಬಳೆ ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ. ಹೊರಗಿನಿಂದ ಬೆರಳಾಡಿಸಿದರೂ ಕೆಲವೊಮ್ಮೆ ಗೊತ್ತಾಗುತ್ತದೆ. ಅಂಥ ಕೋವಿಗೆ ಮತ್ತೆ ತೋಟೆ ಹಾಕಬೇಡಿ.

ಕೇಪಿನ ಕೋವಿಯಲ್ಲಿ ಈ ಸೌಕರ್ಯ ಇಲ್ಲ, ಹಿಂದೆ ಮುಚ್ಚಿರುತ್ತದೆ. ಅದಕ್ಕೆ ಗಜದ ಅಳತೆ ಒಳ್ಳೆಯದು. ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ಬಾಯಿಯ ನೇರಕ್ಕೆ ಮುಖ ಒಡ್ಡದೆ, ಗಜವನ್ನು ತಳದವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಈಗ ಅದೇ ಗಜವನ್ನು ನಳಿಗೆಯ ಹೊರಗೆ ಇಟ್ಟು ನೋಡಿ. ತುದಿ ಕೇಪು ಕೂರುವ ಮೊಲೆಯ ಹತ್ತಿರ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಹಳೆ ಮದ್ದು-ಚರೆಯೋ, ಗೂಡೋ ಏನೋ ಇದೆ. ಕೋವಿ ಯಾರ ಕೈಯಿಂದ ಬಂದರೂ ನಾನು ಇದನ್ನು ಬಿಡುವುದಿಲ್ಲ. ಖಾಲಿ ಎಂದಾದ ಮೇಲೆ ಮೊಲೆಯ ತೂತನ್ನು ಸಪೂರ ತಂತಿಯಿಂದ ಬಿಡಿಸಬಹುದು.

ಕರಿಮದ್ದಿನ ಮಸಿಯಲ್ಲಿ ಉಪ್ಪಿನಂಶ ಇದೆ, ಅದು ಗಾಳಿಯ ತೇವ ಎಳೆಯುತ್ತದೆ. ಸೀಮೆಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ. ಹಾಗಾಗಿ ಬಿಸಿನೀರೇ ಆಗಬೇಕು. ನಳಿಗೆ ಬಿಸಿಯಾಗಿ ಬೇಗ ಒಣಗುತ್ತದೆ ಕೂಡಾ. ನಂತರ ಒಣಬಟ್ಟೆ, ಆಮೇಲೆ ಹೊಲಿಗೆ ಮೆಶೀನಿನ ಎಣ್ಣೆ ತೆಳ್ಳಗೆ. ತೆಂಗಿನೆಣ್ಣೆ ನಮ್ಮಲ್ಲಿ ಬೇಕಾದಷ್ಟಿದ್ದರೂ ಅದು ಅಂಟುಗಟ್ಟುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅದು ತೇವದ ಭಂಡಾರ. ಉಪಯೋಗಿಸುವ ಮೊದಲು ಒಳಗಿನ ಎಣ್ಣೆ ಒರೆಸಿರಿ.

ಕುದುರೆ ನಿಲ್ಲುವುದಿಲ್ಲ, ಮೊಲೆ ಸವೆದಿದೆ, ಕೀಲು ಅಲ್ಲಾಡುತ್ತದೆ ಅಂತಾದರೆ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೇ ಹೋಗಿ. ಪಕ್ಕದ ಲೇತಿನವ ಪರಿಚಯದವನೇ ಇರಬಹುದು. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಸಿಕ್ಕಿಬಿದ್ದರೆ ಅವನಿಗೂ ಕಷ್ಟ, ನಿಮ್ಮ ಲೈಸನ್ಸಿಗೂ ಕುತ್ತು.

ಮುಂದಿನ ಸಲ ಠಾಣೆಗೆ ಒಯ್ಯುವ ಮೊದಲು ಒಳಗೂ ಹೊರಗೂ ಎಣ್ಣೆ ತುಸು ದಪ್ಪವಾಗಿಯೇ ಹಚ್ಚಿ. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರೋ ಅಂತ ಅಲ್ಲೇ ಓದಿ ನೋಡಿ.