ಗೀಳು ಮನೋರೋಗ: ಮನೆಮಂದಿ ತಿಳಿದಿರಲಿ

ಕೀಟನಾಶಕ ಸಿಂಪಡಿಸಿದ ಮೇಲೆ ಸೋಪು ಹಚ್ಚಿ ಕೈತೊಳೆಯುವುದು ಎಚ್ಚರಿಕೆ. ತೊಳೆದ ಕೈಯನ್ನೇ 20 ಸಲ ತೊಳೆದು, ವಿಷ ತಗಲೀತೆಂದು ಮಗುವನ್ನು ಎತ್ತಿಕೊಳ್ಳಲೂ ಹೆದರುವುದು ಗೀಳು ಮನೋರೋಗದ ಲಕ್ಷಣ. ಪಂಪಿನ ಸ್ವಿಚ್ಚನ್ನು ಪದೇ ಪದೇ ನೋಡುವುದು, ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುವುದು ಸಹ ಇದೇ ಇರಬಹುದು. ಇದು ದೆವ್ವದ ಕಾಟವಲ್ಲ, ಕಾಯಿಲೆ.

ಅನೇಕರಲ್ಲಿ ಇದು ಬಾಲ್ಯದಲ್ಲೋ ಹದಿಹರೆಯದಲ್ಲೋ ತೊಡಗುತ್ತದೆ. ಹೆರಿಗೆಯ ನಂತರ ಕೆಲವು ತಾಯಂದಿರಲ್ಲಿ ಉಲ್ಬಣಿಸುತ್ತದೆ. ತನ್ನಿಂದ ಮಗುವಿಗೆ ಕೇಡಾದೀತೆಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ. ಅದು ಆಕೆಯ ಇಚ್ಛೆಯಲ್ಲ, ಹಳಿಯಬೇಡಿ.

"ಕೈ ಶುದ್ಧವಾಯಿತೇ?" ಎಂದು ಕೇಳಿದಾಗಲೆಲ್ಲ "ಆಯಿತು" ಎನ್ನುತ್ತಿದ್ದರೆ ಗೀಳಿಗೆ ಗೊಬ್ಬರ ಹಾಕಿದಂತೆ. ಮಕ್ಕಳಿಂದಲೂ ತೊಳೆಸಿದರೆ ಅವರೂ ಅದರೊಳಗೆ ಸಿಲುಕುತ್ತಾರೆ. ಅಂಜಿಕೆಯನ್ನು ಎದುರಿಸಿ, ತೊಳೆಯದೆ ತಡೆದುಕೊಂಡರೆ ಅದು ಮೆಲ್ಲಮೆಲ್ಲನೆ ತಾನಾಗಿ ಇಳಿಯುತ್ತದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿದ ಈ ದಾರಿ ಇಂದಿಗೂ ಮುಖ್ಯ ಚಿಕಿತ್ಸೆ. ತಜ್ಞರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಮಾಡಬೇಕು. ಮಾತ್ರೆಗಳೂ ಇವೆ; ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ತಂದೆತಾಯಿಗಿದ್ದರೆ ಮಕ್ಕಳಿಗೆ ಬರುವ ಸಂಭವ ತುಸು ಹೆಚ್ಚಾದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾಲಯವಿದೆ. 2022ರಿಂದ ನಡೆಯುತ್ತಿರುವ ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ನಾಚಿಕೆ ಬೇಡ, ತಡವೂ ಬೇಡ.