ಎರಡನೇ ವರ್ಷಕ್ಕೂ ಒಂದು ಬಾಗಿಲು ಬೇಕು

ಚೆನ್ನೈ ಹೈಕೋರ್ಟಿನ ಎದುರು, ಎನ್.ಎಸ್.ಸಿ. ಬೋಸ್ ರಸ್ತೆಯ ಅಂಗಡಿಸಾಲಿನ ಹಿಂದೆ, ದಪ್ಪ ಕಂಬಗಳ ಹಳೆಯ ಸಭಾಂಗಣವೊಂದು ಮರೆಯಾಗಿ ನಿಂತಿದೆ. ಅಥೆನ್ಸಿನ ಗ್ರೀಕ್ ದೇಗುಲದ ಮಾದರಿಯಲ್ಲಿ ಕಟ್ಟಿ 1850ರಲ್ಲಿ ತೆರೆದ ಪಚ್ಚೈಯಪ್ಪ ಸಭಾಂಗಣ ಅದು. ಹೊಸೂರಿನ ಸ್ನೇಹಿತರ ಮಗಳ ಬಿ.ಕಾಂ. ಸೀಟಿಗಾಗಿ ಕಾಲೇಜು ಕಚೇರಿಗಳನ್ನು ಸುತ್ತುವಾಗ ಅದನ್ನು ನೋಡಿ ಬಂದೆ. ಅಂದಿನಿಂದ ಆ ಕಂಬಗಳು ಮನಸ್ಸಿನಿಂದ ಸರಿದಿಲ್ಲ.

ಹುಡುಗಿ ಮನೆಯಲ್ಲಿ ಕನ್ನಡ ಮಾತಾಡುವವಳು. ಹೊಸೂರಿನ ಕಡೆಯ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ್ದಾಳೆ. ಪಾಸಾಗದೆ ಬಾಕಿ ಉಳಿದ ಪತ್ರಿಕೆ, ಅಂದರೆ ಅರಿಯರ್, ಒಂದೂ ಇಲ್ಲ, ಅಂಕಗಳೂ ಚೆನ್ನಾಗಿವೆ. ಎರಡನೇ ವರ್ಷಕ್ಕೆ ಚೆನ್ನೈನ ಹೆಸರಾಂತ ಕಾಲೇಜೊಂದಕ್ಕೆ ವರ್ಗವಾಗಬೇಕು, ಜೊತೆಗೆ ಸಿ.ಎ. ಓದಬೇಕು ಎಂಬುದು ಅವಳ ಆಸೆ. ಕಚೇರಿಯೊಂದರಲ್ಲಿ ಸಿಕ್ಕ ಉತ್ತರ: "ಸೀಟು ಖಾಲಿ ಇದ್ದರೆ ನೋಡೋಣಮ್ಮ. ಟಿ.ಸಿ. ತಂದಿದ್ದೀರಾ?" ಟಿ.ಸಿ. ತೆಗೆದುಕೊಂಡರೆ ಹಳೆಯ ಕಾಲೇಜಿನ ಸೀಟು ಹೋಗುತ್ತದೆ, ತರದಿದ್ದರೆ ಹೊಸ ಕಾಲೇಜು ಅರ್ಜಿಯನ್ನೇ ಮುಟ್ಟುವುದಿಲ್ಲ. ವರ್ಗಾವಣೆ ಬಯಸುವ ಮಕ್ಕಳೆಲ್ಲ ಸಿಕ್ಕಿಕೊಳ್ಳುವ ಗಂಟು ಇದೇ.

ಹಾಗೆ ನೋಡಿದರೆ ಈ ದೇಶದಲ್ಲಿ ವಾಣಿಜ್ಯ ಶಿಕ್ಷಣ ಹುಟ್ಟಿದ್ದೇ ಈ ಊರಿನಲ್ಲಿ. ಪಚ್ಚೈಯಪ್ಪ ಧರ್ಮನಿಧಿಯ ಟ್ರಸ್ಟಿಗಳು 1886ರಲ್ಲಿ ಮದ್ರಾಸಿನಲ್ಲಿ ವಾಣಿಜ್ಯ ಶಾಲೆ ತೆರೆದರು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜು ಬಂದದ್ದು 1913ರಲ್ಲಿ. ಲೊಯೋಲಾ 1925ರದು, ಮೈಲಾಪುರದ ವಿವೇಕಾನಂದ ಕಾಲೇಜು 1946ರದು, ಎತಿರಾಜ್ 1948ರದು. ಇಂದು ಇಂಥ ಕಾಲೇಜುಗಳ ಬಿ.ಕಾಂ. ಸೀಟಿಗೆ ಎಂಥ ಪೈಪೋಟಿ ಇದೆಯೆಂದು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಅದೇ ಧರ್ಮನಿಧಿಯ ಪಚ್ಚೈಯಪ್ಪ ಕಾಲೇಜಿನ ಇನ್ನೊಂದು ಕಥೆ. 1906ರಲ್ಲಿ ಕುಂಭಕೋಣಂನಿಂದ ಬಂದ ಒಬ್ಬ ಹುಡುಗನನ್ನು ಅದು ಸೇರಿಸಿಕೊಂಡಿತು. ಅವನು ತನ್ನೂರಿನ ಸರ್ಕಾರಿ ಕಾಲೇಜಿಗೆ 1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಸೇರಿ, ಗಣಿತ ಬಿಟ್ಟು ಬೇರೇನನ್ನೂ ಓದದೆ, ಆ ವೇತನವನ್ನು ಕಳೆದುಕೊಂಡಿದ್ದ. ಮನೆಬಿಟ್ಟು ವಿಶಾಖಪಟ್ಟಣದವರೆಗೂ ಹೋಗಿ ಬಂದಿದ್ದ. ಅವನೇ ಶ್ರೀನಿವಾಸ ರಾಮಾನುಜನ್. ಪಚ್ಚೈಯಪ್ಪದಲ್ಲೂ ಗಣಿತ ಮೇಷ್ಟ್ರುಗಳು ಬೆರಗಾದರು, ಶರೀರಶಾಸ್ತ್ರ ಕೈಕೊಟ್ಟಿತು. ಪದವಿಗೆ ಮುಂಚಿನ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದ. ಮರುವರ್ಷ ಮತ್ತೆ ಬರೆದು ಮತ್ತೆ ನಪಾಸಾದ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಗೆ ಗುಮಾಸ್ತನಾದ, ಅದೂ ಲೆಕ್ಕಪತ್ರ ವಿಭಾಗದಲ್ಲಿ. ಪದವಿಯೇ ಇಲ್ಲದ ಅವನಿಗೆ 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಮುಂದಿನದು ಲೋಕಕ್ಕೇ ಗೊತ್ತು.

ಕಾಲೇಜು ಬದಲಿಸಿದ್ದರಿಂದ ರಾಮಾನುಜನ್ ಪಾಸಾಗಲಿಲ್ಲ, ನಿಜ. ಆದರೆ ಒಂದು ಕಡೆ ಎಡವಿದವನಿಗೆ ಇನ್ನೊಂದು ಕಡೆ ಕೂರಲು ಬೆಂಚು ಸಿಕ್ಕಿತು. ನೂರಿಪ್ಪತ್ತು ವರ್ಷಗಳ ಹಿಂದೆ ಅದು ಸಾಧ್ಯವಿತ್ತು. ಅದೇ ಕಾಲದಲ್ಲಿ ರಾಧಾಕೃಷ್ಣನ್ ವೆಲ್ಲೂರಿನ ವೂರೀಸ್ ಕಾಲೇಜು ಬಿಟ್ಟು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಬಂದರು. ಮುಂದೆ 1918ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾದರು. ಆ ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟುವವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸಿನ ಅಧೀನದಲ್ಲೇ ಇದ್ದವು. ಪಠ್ಯ ಒಂದೇ, ಪರೀಕ್ಷೆಯೂ ಒಂದೇ. ಕಾಲೇಜು ಬದಲಿಸಿದರೂ ಓದು ಕೆಡುತ್ತಿರಲಿಲ್ಲ.

ಈಗ ಹಾಗಿಲ್ಲ. ತಮಿಳುನಾಡಿನಲ್ಲಿ 1978ರಿಂದ ಸ್ವಾಯತ್ತ ಕಾಲೇಜುಗಳು ಬಂದವು, ಲೊಯೋಲಾ ಮೊದಲ ಸಾಲಿನಲ್ಲೇ ಇತ್ತು. ಸ್ವಾಯತ್ತತೆ ಪಾಠದ ಗುಣಮಟ್ಟ ಹೆಚ್ಚಿಸಿತು ಎಂದೇ ನಂಬಿದವನು ನಾನು. ಆದರೆ ಪ್ರತಿ ಕಾಲೇಜಿಗೂ ತನ್ನದೇ ಪಠ್ಯಕ್ರಮವಾದ ಮೇಲೆ ಒಂದು ಕಡೆ ಓದಿದ ಪತ್ರಿಕೆ ಇನ್ನೊಂದು ಕಡೆ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಇಲ್ಲಿನ ಪದವಿಗೆ ಐದು ಭಾಗಗಳು: ಮೊದಲನೆಯದು ಭಾಷೆ, ಎರಡನೆಯದು ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯ, ಉಳಿದೆರಡು ಕೌಶಲ ಮತ್ತು ಸೇವಾ ಚಟುವಟಿಕೆಗಳು. ಗಡಿಯ ಮಗುವೊಂದು ಮೊದಲ ಭಾಗಕ್ಕೆ ಕನ್ನಡ ತೆಗೆದುಕೊಂಡಿದ್ದು, ಹೊಸ ಕಾಲೇಜಿನಲ್ಲಿ ಕನ್ನಡವೇ ಇಲ್ಲದಿದ್ದರೆ ಅಲ್ಲೇ ತೊಡಕು. ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದು. ಹಾಗಾಗಿ ಮೈಗ್ರೇಷನ್ ಪ್ರಮಾಣಪತ್ರ, ಎನ್.ಒ.ಸಿ., ಪಠ್ಯದ ಸಮಾನತೆ, ಎರಡೂ ಕಡೆಯ ಹಾಜರಾತಿಯನ್ನು ಕೂಡಿಸುವ ಅನುಮತಿ ಎಲ್ಲವೂ ಬೇಕು. ಸಿಕ್ಕರೂ ಹಲವು ಕಡೆ ಸಿಗುವುದು ಮಧ್ಯಾಹ್ನದ ಎರಡನೇ ಶಿಫ್ಟು, ಅಂದರೆ ಅನುದಾನವಿಲ್ಲದ, ಹೆಚ್ಚು ಶುಲ್ಕದ ವಿಭಾಗ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ದಾರಿಯನ್ನು ಮೊದಲೇ ಹಾಕಿದ್ದಾರೆ. ಅಲ್ಲಿನ 1960ರ ಮಹಾಯೋಜನೆ, ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿದವರಿಗೆ ಜಾಗವಿರಲೆಂದೇ ವಿಶ್ವವಿದ್ಯಾಲಯದ ಮೇಲಿನ ತರಗತಿಗಳ ಪಾಲನ್ನು ಶೇ 60ಕ್ಕೆ ನಿಗದಿ ಮಾಡಿತು. ಬರ್ಕ್ಲಿಯ ವಾಣಿಜ್ಯ ಶಾಲೆಗೂ ಹಾಗೆ ಹೋಗುವವರಿದ್ದಾರೆ. ಅಲ್ಲಿಯೂ ಪೈಪೋಟಿ ತೀವ್ರ, ಆದರೆ ನಿಯಮ ಏನೆಂದು ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಯು.ಜಿ.ಸಿ. 2021ರಲ್ಲಿ ಕ್ರೆಡಿಟ್ ಬ್ಯಾಂಕ್ ತಂದಿತು. ಗಳಿಸಿದ ಕ್ರೆಡಿಟ್ಟು ಏಳು ವರ್ಷದವರೆಗೆ ಖಾತೆಯಲ್ಲಿರುತ್ತದೆ ಎನ್ನುತ್ತದೆ ನಿಯಮ. ಆದರೆ ಅದರ ಮೂಲವಾದ ರಾಷ್ಟ್ರೀಯ ಶಿಕ್ಷಣ ನೀತಿಯನ್ನೇ ತಮಿಳುನಾಡು ಒಪ್ಪಿಲ್ಲ. 2021ರಲ್ಲಿ ಮೊದಲಿಗನಾಗಿ ಅದನ್ನು ತಬ್ಬಿಕೊಂಡ ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ನೀತಿಯ ಜಗಳ ಏನೇ ಇರಲಿ, ಖಾತೆಯಲ್ಲಿ ಕ್ರೆಡಿಟ್ಟಿದ್ದರೆ ಸಾಲದು, ತರಗತಿಯಲ್ಲಿ ಕುರ್ಚಿ ಬೇಕು.

ಮೊದಲ ವರ್ಷದ ಕೊನೆಗೆ ಎಂಜಿನಿಯರಿಂಗಿಗೋ ಬೇರೆ ಊರಿಗೋ ಹೋದವರ ಕುರ್ಚಿಗಳು ಖಾಲಿ ಬೀಳುತ್ತವೆ. ಅವು ಎಷ್ಟೆಂದು ಕಚೇರಿಗೆ ಗೊತ್ತು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪ್ರಭಾವ ಇದ್ದವರು ಕೇಳಿ ತಿಳಿಯುತ್ತಾರೆ, ಹೊಸೂರಿನ ಹುಡುಗಿ ಬಾಗಿಲಲ್ಲೇ ನಿಲ್ಲುತ್ತಾಳೆ. ಹದಿನೇಳರ ವಯಸ್ಸಿನ ಪ್ಲಸ್ ಟು ಅಂಕವೇ ಮೂರು ವರ್ಷದ ಓದನ್ನು ತೀರ್ಮಾನಿಸುವುದು ನ್ಯಾಯವಲ್ಲ.

ವರ್ಗಾವಣೆಗೆ ಹೊರಟಿರುವ ಮಕ್ಕಳಿಗೂ ತಂದೆತಾಯಿಗೂ ಒಂದು ಮಾತು: ಸೀಟು ಕೊಡುತ್ತೇವೆಂಬ ಲಿಖಿತ ಪತ್ರ ಕೈಸೇರುವ ಮೊದಲು ಟಿ.ಸಿ. ತೆಗೆಯಬೇಡಿ. ಮೊದಲ ವರ್ಷದ ಪಠ್ಯಕ್ರಮದ ಮುದ್ರಿತ ಪ್ರತಿಯನ್ನು ಕಾಲೇಜಿನ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಅರಿಯರ್ ಉಳಿಸಿಕೊಳ್ಳಬೇಡಿ. ಕಾಲೇಜುಗಳಿಗೆ ನನ್ನ ಮನವಿ ಇಷ್ಟೇ: ಪ್ರತಿ ಜೂನ್‌ನಲ್ಲಿ ಎರಡನೇ ವರ್ಷದ ಖಾಲಿ ಸೀಟುಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಅರ್ಜಿ ಕರೆಯಿರಿ, ಮೊದಲ ವರ್ಷದ ಅಂಕ ನೋಡಿ ಕೊಡಿ.