ಓಟಗಾರರ ಬಾಯಿಗೆ ನಮ್ಮ ಮುರುಗಲ ಹುಳಿ

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಕಡೆಯ ಮಕ್ಕಳಿಗೆ ಓಟ ಹೊಸದಲ್ಲ. 1980ರ ದಶಕದ ಕೊನೆಗೆ ಭಾರತ ಕ್ರೀಡಾ ಪ್ರಾಧಿಕಾರವು ನಮ್ಮ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತ್ತು. ಓಟಗಾರರ ತಿನಿಸಿನ ಬಗ್ಗೆ ಮಾತ್ರ ಬೆಳೆಗಾರರಾದ ನಾವು ಯೋಚಿಸಿದ್ದು ಕಡಿಮೆ.

ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಓಡುವವರು ದಾರಿಯಲ್ಲೇ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ತಿನ್ನುತ್ತ ಸಾಗುತ್ತಾರೆ. ಗ್ಲೂಕೋಸ್ ಒಂದನ್ನೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರದು. ಫ್ರಕ್ಟೋಸ್ ಒಳಹೋಗುವ ದಾರಿ ಬೇರೆ. ಎರಡೂ ಕೂಡಿದರೆ 90 ಗ್ರಾಂವರೆಗೆ ದಕ್ಕುತ್ತದೆ. ನಮ್ಮ ಬೆಲ್ಲ ಜೀರ್ಣವಾದಾಗ ಇವೆರಡೂ ಹೆಚ್ಚುಕಡಿಮೆ ಸಮನಾಗಿ ದೊರೆಯುತ್ತವೆ.

ತೊಂದರೆ ಇರುವುದು ಬಾಯಿಯಲ್ಲಿ. ಮೂರು ತಾಸು ಸಿಹಿ ತಿಂದವನಿಗೆ ಮತ್ತೊಂದು ಚಮಚ ಸಿಹಿ ಎಂದರೆ ವಾಕರಿಕೆ. ಮದುವೆ ಊಟದಲ್ಲಿ ಹೋಳಿಗೆಯ ನಂತರ ಉಪ್ಪಿನಕಾಯಿಗೆ ಕೈ ಹೋಗುವುದಿಲ್ಲವೇ? ಹೊರದೇಶದ ತಯಾರಕರು ಉಪ್ಪು ಬೆರೆತ ಕಲ್ಲಂಗಡಿಯಂಥ ವಿಚಿತ್ರ ರುಚಿಗಳ ಬೆನ್ನು ಹತ್ತಿರುವುದು ಇದಕ್ಕೇ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಬೆಟ್ಟ-ಬೇಣಗಳಲ್ಲಿ ಎಷ್ಟೋ ಮುರುಗಲ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಉಪ್ಪು ಹಾಕಿ ಒಣಗಿಸಿದ ಅದರ ಸಿಪ್ಪೆಯಲ್ಲಿ ಹುಳಿಯೂ ಇದೆ, ಬೆವರಿನಲ್ಲಿ ಹೋಗುವ ಉಪ್ಪೂ ಇದೆ. ಜೋನಿ ಬೆಲ್ಲಕ್ಕೆ ಅದರ ರಸ ಸೇರಿಸಿದರೆ ನಾಲಿಗೆಯ ಜಡ್ಡು ಬಿಡುತ್ತದೆ.

ಕಾಫಿಗೂ ಇಲ್ಲಿ ಸ್ಥಾನವಿದೆ. ಕ್ರೀಡೆಯಲ್ಲಿ ಕೆಫೀನಿಗಿದ್ದ ಮಿತಿಯನ್ನು 2004ರಲ್ಲಿ ತೆಗೆದರು. ಆದರೆ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಅಂದಾಜಿನ ಮೇಲೆ ಬೆರೆಸುವಂತಿಲ್ಲ, ಮಕ್ಕಳಿಗಂತೂ ಬೇಡ.

ಅಡಿಕೆಯನ್ನೂ ಸೇರಿಸಬಾರದೇಕೆ ಎಂದು ಕೇಳುವ ಸದಸ್ಯರಿದ್ದಾರೆ. ಬೇಡ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆಯಿಂದಲೇ ಮನೆ ನಡೆಸುವ ನಮಗೆ ಇದನ್ನು ಬರೆಯುವುದು ಕಹಿಯೇ; ಆದರೂ ತಿನಿಸಿನ ಡಬ್ಬಿಗೆ ಅದು ಹೋಗಕೂಡದು.

ಮೊದಲು ಸರಿಪಡಿಸಬೇಕಾದ್ದು ಉಪ್ಪು. ಮನೆಮನೆಗೂ ಸಿಪ್ಪೆಯ ಉಪ್ಪು ಬೇರೆಯಾದರೆ ಓಟಗಾರ ಎರಡನೇ ಸಲ ಕೊಳ್ಳಲಾರ. ಏಪ್ರಿಲ್-ಮೇ ಕೊಯ್ಲಿನಲ್ಲಿ ಸಿಪ್ಪೆಯನ್ನೂ ಉಪ್ಪನ್ನೂ ತೂಗಿಯೇ ಹಾಕಿ, ಮಳೆ ಬೀಳುವುದರೊಳಗೆ ಒಣಗಿಸಿಕೊಳ್ಳಿ. ರುಚಿಯನ್ನು ಜಗಲಿಯಲ್ಲಿ ಕುಳಿತ ನೆಂಟರಿಂದ ನೋಡಿಸಬೇಡಿ. ಎರಡು ತಾಸು ಓಡಿ ಬಂದವರ ಕೈಗೆ ಕೊಡಿ.